ಮೂಸಿ ನೋಡುವ ಹೊತ್ತು

ಚಳ್ಳಕೆರೆ, ಹಿರಿಯೂರು ಕಡೆಯ ಕುರಿಹಟ್ಟಿಗಳಲ್ಲಿ ಹೆತ್ತ ಮರಿಯನ್ನೇ ಒದೆಯುವ ಕುರಿಗೆ ಸಾಮಾನ್ಯವಾಗಿ ಒಂದೇ ತೀರ್ಪು: ಮುಂದಿನ ಸಂತೆಗೆ ಹೊಡೆ. "ಇದ್ರವ್ವನೂ ಹಿಂಗೇ ಇತ್ತು, ರಕ್ತದಾಗೇ ಐತೆ ಬಿಡು" ಅನ್ನುವ ಒಂದು ಮಾತಿಗೆ ಮೊದಲ ಸೂಲಿನ ಒಳ್ಳೆಯ ಕುರಿಯೊಂದು ಕಟುಕರ ಪಾಲಾಗುತ್ತದೆ. ಈ ಮಾತು ಕುರಿಗಷ್ಟೇ ನಿಲ್ಲುವುದಿಲ್ಲ ಅನ್ನುವುದೇ ಕಾಡುವ ಸಂಗತಿ. ಮಗ್ಗದ ಮುಂದೆ ಕೂತ ಹುಡುಗನನ್ನು ನೋಡಿದರೂ, ಹಲ್ಲು ಕಂದಾದ ಅಕ್ಕತಂಗಿಯರನ್ನು ನೋಡಿದರೂ ಅದೇ ಮಾತು ಬರುತ್ತದೆ. ನಮ್ಮಲ್ಲಿ ಇದಕ್ಕೆ ಗಾದೆಗಳಿಗೇನೂ ಬರವಿಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂದವರೂ ನಾವೇ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂದವರೂ ನಾವೇ. ಮೊದಲನೆಯದು ಎಲ್ಲವನ್ನೂ ಹುಟ್ಟಿಗೆ ಕಟ್ಟುತ್ತದೆ. ಎರಡನೆಯದು ಅದಕ್ಕಿಂತ ಸೂಕ್ಷ್ಮ, ಅದು ಹೊತ್ತಿನ ಬಗ್ಗೆ ಮಾತಾಡುತ್ತದೆ.

ನನ್ನ ಮಟ್ಟಿಗೆ ಎರಡನೆಯ ಗಾದೆಯೇ ಹೆಚ್ಚು ಸತ್ಯ. ಹುಟ್ಟಿನಿಂದ ಬಂದದ್ದು ಮತ್ತು ಕಲಿತದ್ದು ಅಂತ ಎರಡು ಬುಟ್ಟಿ ಇಟ್ಟುಕೊಂಡು ಗುಣಗಳನ್ನು ಹಂಚಲು ಹೊರಟರೆ ಕುರಿಯ ರೊಪ್ಪದಲ್ಲೇ ಲೆಕ್ಕ ತಪ್ಪುತ್ತದೆ. ಯಾವ ಹೊತ್ತಿನಲ್ಲಿ ಕಲಿಯಬೇಕು ಅನ್ನುವುದನ್ನು ರಕ್ತ ಗೊತ್ತುಮಾಡುತ್ತದೆ. ಏನನ್ನು ಕಲಿಯಬೇಕು ಅನ್ನುವುದು ಆ ಹೊತ್ತಿನಲ್ಲಿ ಮೂಗಿನ ಮುಂದೆ, ಕಿವಿಯ ಹತ್ತಿರ, ಬಾಯಿಯೊಳಗೆ ಏನಿತ್ತೋ ಅದರಿಂದ ತೀರ್ಮಾನವಾಗುತ್ತದೆ. ಹೊತ್ತು ಮೀರಿದರೆ ಬಾಗಿಲು ಮುಚ್ಚುತ್ತದೆ. ಆಮೇಲೆ ಹೊರಗೆ ನಿಂತವರಿಗೆ ಕಾಣುವುದು ಮುಚ್ಚಿದ ಬಾಗಿಲು ಮಾತ್ರ, ಅದನ್ನೇ ಹುಟ್ಟುಗುಣ ಅಂದುಬಿಡುತ್ತಾರೆ.

ಈದ ಮೇಲಿನ ಎರಡು ಗಂಟೆ

ಸಂಜೆ ಮೇವು ಮುಗಿಸಿ ಮಂದೆ ರೊಪ್ಪಕ್ಕೆ ಮರಳುವ ಹೊತ್ತನ್ನು ಒಮ್ಮೆ ಗಮನಿಸಿ ನೋಡಬೇಕು. ಹಗಲೆಲ್ಲ ಗೂಡಿನೊಳಗಿದ್ದ ಮರಿಗಳನ್ನು ಬಿಟ್ಟ ಕೂಡಲೇ ನೂರಾರು ಕೂಗು ಒಟ್ಟಿಗೆ ಏಳುತ್ತವೆ. ಧೂಳಿನ ನಡುವೆ ಮರಿ ತಾಯಿಯ ದನಿ ಹಿಡಿದು ಓಡುತ್ತದೆ, ತಪ್ಪಿ ಬೇರೆ ಕುರಿಯ ಕೆಚ್ಚಲಿಗೆ ಬಾಯಿ ಹಾಕುತ್ತದೆ. ಆ ಕುರಿ ಕತ್ತು ತಿರುಗಿಸಿ ಮರಿಯ ಬಾಲದ ಬುಡವನ್ನು ಒಂದೇ ಒಂದು ಸಲ ಮೂಸುತ್ತದೆ, ತಲೆಯಿಂದ ಗುಮ್ಮಿ ಆಚೆ ತಳ್ಳುತ್ತದೆ. ನಾಲ್ಕು ಹೆಜ್ಜೆ ಆಚೆ ಸ್ವಂತ ತಾಯಿ ಅದೇ ರೀತಿ ಮೂಸಿ, ಕಾಲು ಅಗಲಿಸಿ ನಿಲ್ಲುತ್ತದೆ. ದೂರದಿಂದ ಗುರುತಿಸಲು ದನಿ, ಚಹರೆ ಸಾಕು. ಕುರಿಗಳು 50 ಬೇರೆ ಕುರಿಗಳ ಮುಖವನ್ನು ಎರಡು ವರ್ಷದವರೆಗೂ ನೆನಪಿಡುತ್ತವೆ ಅಂತ 2001ರಲ್ಲಿ ಇಂಗ್ಲೆಂಡಿನ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಆದರೆ ಹಾಲು ಬಿಡಲು ಅಪ್ಪಣೆ ಕೊಡುವುದು ಮೂಗು ಒಂದೇ.

ಆ ಮೂಗು ಮರಿಯನ್ನು ಕಲಿಯುವುದು ಈದ ಮೇಲಿನ ಮೊದಲ ಎರಡು ಗಂಟೆಯ ಆಸುಪಾಸಿನಲ್ಲಿ. ಮರಿ ಹೊರಬರುವಾಗ ಹೆರಿಗೆಯ ದಾರಿ ಹಿಗ್ಗುತ್ತದಲ್ಲ, ಆ ಒತ್ತಡದಿಂದ ಮಿದುಳಿನಲ್ಲಿ ತಾಯ್ತನ ಎಬ್ಬಿಸುವ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ಬಿಡುಗಡೆಯಾಗುತ್ತದೆ. ಉಳಿದ ದಿನಗಳಲ್ಲಿ ಗರ್ಭದ ನೀರಿನ ವಾಸನೆ ಬಂದರೆ ಮುಖ ತಿರುಗಿಸುವ ಕುರಿ, ಈದ ಹೊತ್ತಿನಲ್ಲಿ ಅದೇ ಲೋಳೆಯನ್ನು ಬಿಡದೆ ನೆಕ್ಕುತ್ತದೆ. ಗಂಟಲಿನಲ್ಲೇ ಸಣ್ಣಗೆ ಗುನುಗುತ್ತದೆ, ಆ ದನಿಯೂ ಮರಿಯ ಹತ್ತಿರ ಮಾತ್ರ ಕೇಳುವಂಥದ್ದು. ನೆಕ್ಕುವ ಆಸೆ ಹುಟ್ಟಿನಿಂದ ಬಂದದ್ದು, ಅದನ್ನು ಯಾರೂ ಕಲಿಸಿಲ್ಲ. ಆದರೆ ನೆಕ್ಕುತ್ತ ನೆಕ್ಕುತ್ತ ಇದೊಂದೇ ಮರಿ ನನ್ನದು ಅನ್ನುವ ವಾಸನೆ ಮನಸ್ಸಿಗೆ ಇಳಿಯುತ್ತದಲ್ಲ, ಅದು ಪೂರ್ತಿ ಕಲಿಕೆ. ಈದ ಕೂಡಲೇ ಮರಿಯನ್ನು ಎತ್ತಿಟ್ಟು ಅರ್ಧ ದಿನ ಕಳೆದು ಮುಂದಿಟ್ಟರೆ ಬಹುಪಾಲು ಕುರಿಗಳು ಅದನ್ನು ಅನ್ಯರ ಮರಿಯಂತೆ ಗುಮ್ಮುತ್ತವೆ. ಮೊದಲ ಸೂಲಿನ ಕುರಿಯಲ್ಲಿ ಈ ಆಸೆ ಇನ್ನೂ ಬೇಗ ಆರುತ್ತದೆ. ಎರಡನೆಯ, ಮೂರನೆಯ ಸೂಲಿಗೆ ಅದೇ ಕುರಿ ನುರಿತ ತಾಯಿಯಾಗಿರುತ್ತದೆ.

ಮರಿಯ ಕಡೆಯಿಂದ ನೋಡಿದರೂ ಹಾಗೇ. ಹುಟ್ಟಿ ಅರ್ಧ ಗಂಟೆಯೊಳಗೆ ಎದ್ದು ನಿಲ್ಲುವುದು, ಬೆಚ್ಚಗಿರುವ ಕೂದಲಿಲ್ಲದ ಜಾಗ ಹುಡುಕಿ ಮೂತಿ ತೂರಿಸುವುದು ಹುಟ್ಟಿನೊಂದಿಗೆ ಬಂದಿರುತ್ತದೆ. ಆದರೆ ಕೆಚ್ಚಲು ಎಲ್ಲಿದೆ ಅನ್ನುವುದು ಗೊತ್ತಿರುವುದಿಲ್ಲ. ಮುಂಗಾಲಿನ ಸಂದಿಗೆ ಬಾಯಿ ಹಾಕುತ್ತದೆ, ಗೋಡೆಯ ಮೂಲೆಯನ್ನು ಚೀಪುತ್ತದೆ. ತಾಯಿ ನಿಶ್ಚಲವಾಗಿ ನಿಂತರೆ ಒಂದೆರಡು ಸಲದಲ್ಲೇ ದಾರಿ ಕಲಿಯುತ್ತದೆ. ತಾಯಿ ಸುತ್ತುತ್ತಲೇ ಇದ್ದರೆ ಮರಿ ದಣಿಯುತ್ತದೆ, ಮೈ ತಣ್ಣಗಾಗುತ್ತದೆ, ಆಮೇಲೆ ಹುಡುಕುವ ಹುಮ್ಮಸ್ಸೇ ಉಳಿಯುವುದಿಲ್ಲ. ಇಲ್ಲಿ ಗಿಣ್ಣು ಹಾಲಿನ ಲೆಕ್ಕ ಗಟ್ಟಿಯಾಗಿ ನೆನಪಿರಬೇಕು. ಮರಿಯ ತೂಕದ ಪ್ರತಿ ಕಿಲೋಗೆ ಒಂದು ಸಲಕ್ಕೆ 50 ಮಿಲಿಲೀಟರ್, ಮೊದಲ 24 ಗಂಟೆಯಲ್ಲಿ ಒಟ್ಟು 200 ಮಿಲಿಲೀಟರ್. ಮೂರು ಕಿಲೋ ಮರಿಗೆ ಒಂದು ಸಲಕ್ಕೆ 150, ದಿನಕ್ಕೆ 600. ಮೊದಲ ಆರು ಗಂಟೆಯಲ್ಲಿ ಕುಡಿದದ್ದೇ ಮುಖ್ಯ. ಗಿಣ್ಣಿನಲ್ಲಿರುವ ರೋಗನಿರೋಧಕ ಅಂಶಗಳನ್ನು ಹೀರಿಕೊಳ್ಳುವ ಶಕ್ತಿ ಕರುಳಿಗಿರುವುದು ಸುಮಾರು ಒಂದು ದಿನ ಮಾತ್ರ. ಅದೂ ಒಂದು ಬಾಗಿಲೇ.

ಹಾಗಾದರೆ ಒದೆಯುವ ಕುರಿಯಲ್ಲಿ ಏನು ತಪ್ಪಿರುತ್ತದೆ? ಮೊದಲು ಕೆಚ್ಚಲನ್ನು ಮುಟ್ಟಿ ನೋಡಬೇಕು. ಒಂದು ಭಾಗ ಬಿಸಿಯಾಗಿ ಗಟ್ಟಿಯಾಗಿದ್ದರೆ ಅದು ಕೆಚ್ಚಲು ಬಾವು. ನೋವಿಗೆ ಒದೆಯುತ್ತಿದೆ, ದ್ವೇಷಕ್ಕಲ್ಲ. ತೊಟ್ಟಿನ ತುದಿಯಲ್ಲಿ ಮೇಣದಂಥ ಬಿರಡೆ ಇರುತ್ತದೆ. ಎರಡೂ ತೊಟ್ಟಿನಿಂದ ಎರಡು ಎಳೆ ಹಾಲು ಹಿಂಡಿ ಅದನ್ನು ತೆಗೆಯಬೇಕು. ಎರಡನೆಯ ಕಾರಣ ಇಕ್ಕಟ್ಟು. ಈಯಲು ಒಂದೆರಡು ದಿನ ಇರುವ ಕುರಿಗೂ ತಾಯ್ತನದ ಆಸೆ ಏಳುತ್ತದೆ, ಅದು ಪಕ್ಕದವಳ ಹಸಿ ಮರಿಯನ್ನು ನೆಕ್ಕಿ ತನ್ನದಾಗಿಸಿಕೊಳ್ಳುತ್ತದೆ. ಆಮೇಲೆ ತನ್ನದು ಹುಟ್ಟಿದಾಗ ಎರಡರಲ್ಲಿ ಒಂದನ್ನು ಬಿಡುತ್ತದೆ. ಮೂರನೆಯದು ನಾವೇ ಮಾಡುವ ತಪ್ಪು: ಹುಟ್ಟಿದ ಕೂಡಲೇ ಮರಿಯನ್ನು ಬಟ್ಟೆಯಿಂದ ಒರೆಸುವುದು, ಸಾಬೂನು ಹಾಕಿ ತೊಳೆಯುವುದು, ಫಿನಾಯಿಲ್ ಹಾಕಿದ ನೆಲದ ಮೇಲೆ ಮಲಗಿಸುವುದು. ಹೊಕ್ಕುಳಬಳ್ಳಿಗೆ ಟಿಂಚರ್ ಅಯೋಡಿನ್ ಬೇಕೇ ಬೇಕು, ಆದರೆ ತಾಯಿ ನೆಕ್ಕಿ ಆದ ಮೇಲೆ, ಬಳ್ಳಿಯ ತುದಿಗೆ ಮಾತ್ರ ಅದ್ದಬೇಕು, ಹೊಟ್ಟೆಗೆಲ್ಲ ಬಳಿಯಬಾರದು. ನಾಲ್ಕನೆಯದು ಹಸಿವು. ಹೊಟ್ಟೆಯೊಳಗಿನ ಮರಿಯ ತೂಕದ ಮುಕ್ಕಾಲು ಪಾಲಿನ ಆಸುಪಾಸು ಕೊನೆಯ ಆರು ವಾರದಲ್ಲೇ ಏರುವುದು. ಆ ದಿನಗಳಲ್ಲಿ ಒಣ ಹುಲ್ಲಷ್ಟೇ ಸಿಕ್ಕ ಕುರಿ ಗಿಣ್ಣೂ ಕಡಿಮೆ ಇಳಿಸುತ್ತದೆ, ಮರಿಯನ್ನು ನೆಕ್ಕುವುದನ್ನೂ ಬೇಗ ಬಿಡುತ್ತದೆ. ದಿನಕ್ಕೆ ಕಾಲು ಕಿಲೋದಷ್ಟು ಕಾಳು, ಶೇಂಗಾ ಹಿಂಡಿ ಬೆರೆಸಿ ಕೊಟ್ಟವರ ಹಟ್ಟಿಯಲ್ಲಿ "ಕೆಟ್ಟ ತಾಯಿ"ಗಳು ಕಡಿಮೆ.

ತಾಯ್ತನದ ಗುಣ ವಂಶದಲ್ಲಿ ಹರಿಯುವುದೇ ಇಲ್ಲ ಅಂತಲ್ಲ. ತಳಿಯಿಂದ ತಳಿಗೆ ವ್ಯತ್ಯಾಸ ಇದೆ. ಆದರೆ ಒಂದೇ ಮಂದೆಯೊಳಗೆ ತಾಯಿಯಿಂದ ಮಗಳಿಗೆ ಅದು ಇಳಿಯುವುದು ತೀರಾ ದುರ್ಬಲವಾಗಿ. ಅವಳಿ ಹಾಕುವ ಗುಣವನ್ನು ನೋಡಿ, ಅದು ರಕ್ತದ ಮಾತು ಅನ್ನಬಹುದಾದದ್ದು. ಸುಂದರಬನದ ಗರೋಲ್ ಕುರಿಯಲ್ಲಿ ಫೆಕ್-ಬಿ ಅನ್ನುವ ಒಂದೇ ಒಂದು ವಂಶವಾಹಿ ಇದೆ. ಮಹಾರಾಷ್ಟ್ರದ ಫಲ್ಟಣದಲ್ಲಿ ಅದನ್ನು ದಖ್ಖನಿ ಕುರಿಗೆ ದಾಟಿಸಿ ನಾರಿ ಸುವರ್ಣ ತಳಿ ಮಾಡಿದರು. ಒಂದು ಪ್ರತಿ ಬಂದರೂ ಸಾಕು, ಒಂಟಿ ಮರಿ ಹಾಕುತ್ತಿದ್ದ ವಂಶದಲ್ಲಿ ಅವಳಿ ಸಾಮಾನ್ಯವಾಗುತ್ತದೆ. ಆದರೆ ಅವಳಿ ಹಾಕುವುದು ಬೇರೆ, ಎರಡನ್ನೂ ಗುರುತು ಹಿಡಿಯುವುದು ಬೇರೆ. ಈದ ಜಾಗ ಬಿಟ್ಟು ಕುರಿ ಬೇಗ ಕದಲಿದರೆ ಎರಡನೆಯ ಮರಿ ಹಿಂದೆಯೇ ಉಳಿಯುತ್ತದೆ. ಅವಳಿಯ ವಂಶವಾಹಿ ಇರುವ ಟಗರು ತಂದವರು ಐದು ಅಡಿ ಚೌಕದ ಈಯುವ ಗೂಡನ್ನೂ ಮಾಡಿಕೊಳ್ಳಬೇಕು, ತಾಯಿ ಮರಿಗಳನ್ನು ಎರಡು ದಿನವಾದರೂ ಅಲ್ಲೇ ಕೂಡಬೇಕು.

ತಬ್ಬಲಿಗೆ ತಾಯಿ

ಈ ಮೂಗಿನ ಪಾಠ ಎಷ್ಟು ನಿಖರ ಅನ್ನುವುದು ತಬ್ಬಲಿ ಮರಿಯನ್ನು ಬೇರೆ ಕುರಿಗೆ ಹೊಂದಿಸುವಾಗ ಗೊತ್ತಾಗುತ್ತದೆ. ಎರಡು ದಾರಿ ಇವೆ. ಮೊದಲನೆಯದು ಕುರಿ ಈಯುವ ಹೊತ್ತಿಗೇ ಮಾಡುವಂಥದ್ದು. ತಬ್ಬಲಿಯನ್ನು ಬರೀ ಉಗುರುಬೆಚ್ಚಗಿನ ನೀರಿನಿಂದ ತೊಳೆಯಬೇಕು, ಹಳೆಯ ವಾಸನೆ ಹೋಗಲಿ ಅಂತ. ಕುರಿ ಈಯುತ್ತಿದ್ದಂತೆ ಬೀಳುವ ನೀರನ್ನು ಬಾಣಲೆಯಲ್ಲಿ ಹಿಡಿದು ಮರಿಯ ತಲೆ, ಬೆನ್ನು, ಬಾಲದ ಬುಡಕ್ಕೆ ಚೆನ್ನಾಗಿ ಬಳಿಯಬೇಕು. ಮೂರು ದಿನದ ಮರಿ ಎದ್ದು ಕುಣಿದಾಡಿದರೆ ಕುರಿಗೆ ಅನುಮಾನ ಬರುತ್ತದೆ. ಆದ್ದರಿಂದ ಮೆತ್ತನೆಯ ಬಟ್ಟೆಯಿಂದ ಮೂರು ಕಾಲು ಸಡಿಲವಾಗಿ ಕಟ್ಟಿ, ಹೊಸದಾಗಿ ಹುಟ್ಟಿದ ಹಾಗೆ ನೆಲದ ಮೇಲೆ ಒದ್ದಾಡಲು ಬಿಡಬೇಕು. ತಬ್ಬಲಿಯನ್ನೇ ಮೊದಲು ಮೂತಿಯ ಮುಂದಿಟ್ಟು, ಅದನ್ನು ನೆಕ್ಕಲು ಶುರುಮಾಡಿದ ಮೇಲೆ ಸ್ವಂತ ಮರಿಯನ್ನು ಇಡಬೇಕು. ಹಿಂದುಮುಂದಾದರೆ ಕೆಲಸ ಕೆಡುತ್ತದೆ.

ಎರಡನೆಯದು ನೋಡಲು ಕಷ್ಟವಾದದ್ದು, ಆದರೆ ಕುರಿಯ ಸ್ವಂತ ಮರಿ ಸತ್ತು ದಿನ ಕಳೆಯದಿದ್ದರೆ ಕೈಕೊಡುವುದು ಅಪರೂಪ. ಸತ್ತ ಮರಿಯ ಚರ್ಮ ಸುಲಿದು, ನಾಲ್ಕು ಕಾಲಿಗೆ ನಾಲ್ಕು ತೂತು ಉಳಿಸಿ, ಅಂಗಿಯ ಹಾಗೆ ತಬ್ಬಲಿಗೆ ತೊಡಿಸುವುದು. ಬಾಲದ ಭಾಗವನ್ನು ಕತ್ತರಿಸಿ ಹಾಕಬಾರದು, ಕುರಿ ಮೂಸುವುದೇ ಅಲ್ಲಿ. ಭೇದಿಯಿಂದಲೋ ಸೋಂಕಿನಿಂದಲೋ ಸತ್ತ ಮರಿಯ ಚರ್ಮ ಮಾತ್ರ ಬೇಡವೇ ಬೇಡ. ಎರಡನೆಯ ದಿನದಿಂದ ಚರ್ಮವನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ ನಾಲ್ಕನೆಯ ದಿನಕ್ಕೆ ಪೂರ್ತಿ ತೆಗೆಯಬೇಕು. ನಮ್ಮ ಬಿಸಿಲಿಗೆ ಅಷ್ಟು ದಿನವೂ ಹೆಚ್ಚು, ನೊಣ ಕೂರತೊಡಗಿದರೆ ಅಂದೇ ತೆಗೆಯುವುದು ವಾಸಿ. ಅಷ್ಟರಲ್ಲಿ ತಾಯಿಯ ಹಾಲು ಮರಿಯ ಹೊಟ್ಟೆಗೆ ಇಳಿದು, ಮರಿಯ ಮೈವಾಸನೆಗೂ ಸಗಣಿಗೂ ಆ ಹಾಲಿನ ಗುರುತು ಸೇರಿರುತ್ತದೆ. ಆಮೇಲೆ ಅದಕ್ಕೂ ಹೆತ್ತ ಮರಿಗೂ ಆ ಕುರಿ ಭೇದ ಮಾಡುವುದಿಲ್ಲ. ರಕ್ತಸಂಬಂಧ ಅಂತ ನಾವು ಯಾವುದನ್ನು ಕರೆಯುತ್ತೇವೋ ಅದಕ್ಕೆ ಕುರಿಯ ಲೋಕದಲ್ಲಿ ರಕ್ತ ಬೇಕಾಗಿಯೇ ಇಲ್ಲ.

ತಿನ್ನುವುದನ್ನು ಕಲಿಯುವುದು

ಮೇವಿನ ವಿಷಯ ಇನ್ನೂ ಸೋಜಿಗ. ಒಂದೂವರೆ ತಿಂಗಳ ಮರಿ ತಾಯಿಯ ಮೂತಿಯ ಪಕ್ಕವೇ ಮೂತಿ ಇಟ್ಟು, ತಾಯಿ ಕಚ್ಚಿದ ಗಿಡವನ್ನೇ ಕಚ್ಚುತ್ತದೆ. ಆಗ ಕಲಿತದ್ದು ಬಹುಕಾಲ ನಿಲ್ಲುತ್ತದೆ. ಆಸ್ಟ್ರೇಲಿಯಾದಲ್ಲಿ ತಾಯಂದಿರ ಜೊತೆ ಐದು ದಿನ, ದಿನಕ್ಕೊಂದು ಗಂಟೆ ಗೋಧಿ ತಿಂದ ಮರಿಗಳು ಸುಮಾರು ಮೂರು ವರ್ಷ ಬಿಟ್ಟು ಕೊಟ್ಟಾಗಲೂ ಗೋಧಿಗೆ ಬಾಯಿ ಹಾಕಿದವು. ಮೊದಲು ಕಾಣದ ಕುರಿಗಳು ಹಿಂಜರಿದವು. ಬರಗಾಲದಲ್ಲಿ ಹೊಸ ಮೇವಿನ ಮುಂದೆ ಹಸಿದು ನಿಂತ ಕುರಿಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಬೇಸಿಗೆಗೆ ಬೂಸಾ, ಹಿಂಡಿ ಕೊಡಬೇಕೆಂದಿದ್ದರೆ ಮರಿಗಳು ಹಾಲು ಕುಡಿಯುವಾಗಲೇ ತಾಯಿಯ ಜೊತೆ ಒಂದು ವಾರ ಒಂದೊಂದು ಹಿಡಿ ತಿನ್ನಿಸಿಡಬೇಕು.

ತಿನ್ನಬಾರದ್ದನ್ನೂ ಹಾಗೇ ಕಲಿಯುತ್ತವೆ, ಆದರೆ ಆ ಕಲಿಕೆಗೆ ಒಂದು ಷರತ್ತು: ತಿಂದು ಹೊಟ್ಟೆ ತೊಳಸಬೇಕು, ಬದುಕಿ ಉಳಿಯಬೇಕು. ಲಾಂಟಾನ ಅನ್ನುವ ವಿಷದ ಪೊದೆ ಬೆಳೆದ ಗುಡ್ಡದಲ್ಲೇ ಹುಟ್ಟಿ ಬೆಳೆದ ಕುರಿ ಅದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬೇರೆ ಸೀಮೆಯ ಸಂತೆಯಿಂದ ತಂದ ಕುರಿ ಹಸಿವಿಗೆ ಬಾಯಿ ಹಾಕುತ್ತದೆ. ಯಕೃತ್ತು ಕೆಟ್ಟು, ಬಿಸಿಲು ತಾಕಿದ ಕಡೆ ಚರ್ಮ ಸುಲಿದು ಬರುತ್ತದೆ. ಹೊಸ ಕುರಿಗಳನ್ನು ಮೊದಲ ಎರಡು ವಾರ ಹೊಟ್ಟೆ ತುಂಬಿಸಿಯೇ ಮೇಯಲು ಬಿಡಬೇಕು, ಹಳೆಯ ಕುರಿಗಳ ಜೊತೆಗೇ ಬಿಡಬೇಕು. ಎಳೆ ಜೋಳದ ಕಥೆ ಇದಕ್ಕೆ ಉಲ್ಟಾ. ಮೊಣಕಾಲುದ್ದಕ್ಕೂ ಬಾರದ ಪೈರಿನಲ್ಲಿ, ಮಳೆ ಕೈಕೊಟ್ಟು ಬಾಡಿದ ಜೋಳದಲ್ಲಿ, ಕೊಯ್ದ ಮೇಲೆ ಒಂದು ಮಳೆಗೆ ಚಿಗುರಿದ ಕೂಳೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಹೆಚ್ಚಿರುತ್ತದೆ. ತಿಂದ ಕುರಿ ಕೆಲವೇ ನಿಮಿಷಗಳಲ್ಲಿ ಉಸಿರು ಸಿಗದೆ ಬೀಳಬಹುದು. ಪಶುವೈದ್ಯರು ಸೋಡಿಯಂ ಥಯೋಸಲ್ಫೇಟ್ ಅನ್ನುವ ಮದ್ದು ಕೊಡುವಷ್ಟು ಹೊತ್ತು ಸಿಕ್ಕರೆ ಅದೃಷ್ಟ. ಇಷ್ಟು ಬೇಗ ಕೊಲ್ಲುವ ವಿಷದಿಂದ ಯಾವ ಕುರಿಯೂ ಪಾಠ ಕಲಿಯಲಾರದು. ಆದ್ದರಿಂದಲೇ ತಲೆಮಾರುಗಳಿಂದ ಜೋಳದ ಸೀಮೆಯಲ್ಲಿದ್ದರೂ ಕುರಿಗಳು ಇವತ್ತಿಗೂ ಎಳೆ ಜೋಳಕ್ಕೆ ನುಗ್ಗುತ್ತವೆ. ಆ ತಿಳಿವಳಿಕೆ ಕುರುಬರ ತಲೆಯಲ್ಲಿ ಮಾತ್ರ ಇದೆ, ಮಾತಿನ ಮೂಲಕ ದಾಟುತ್ತದೆ.

ಹಲ್ಲು, ನಾಲಿಗೆ, ಕೈ

ಮನುಷ್ಯರ ವಿಷಯಕ್ಕೆ ಬಂದರೆ ನಮ್ಮ ಸೀಮೆಯಲ್ಲಿ ಕಣ್ಣಿಗೆ ಹೊಡೆಯುವ ಉದಾಹರಣೆ ಹಲ್ಲು. ಚಳ್ಳಕೆರೆ, ಮೊಳಕಾಲ್ಮೂರು, ದಾವಣಗೆರೆ ಜಿಲ್ಲೆಯ ಜಗಳೂರು ಕಡೆ ಅಪ್ಪ, ಮಗಳು, ಮೊಮ್ಮಗ ಮೂವರ ಹಲ್ಲಿನ ಮೇಲೂ ಒಂದೇ ಥರದ ಕಂದು ಪಟ್ಟೆ ಕಂಡರೆ "ಮನೆತನದ ಹಲ್ಲು" ಅನ್ನುವುದುಂಟು. ಮನೆತನದಲ್ಲಿ ಇಳಿದು ಬಂದದ್ದು ಕೊಳವೆಬಾವಿ. ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಅನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ಎಂಟು ವರ್ಷದೊಳಗೆ, ಅಂದರೆ ದವಡೆಯೊಳಗೆ ಹಲ್ಲಿನ ದಂತಕವಚ ಕಟ್ಟಿಕೊಳ್ಳುವಾಗ ಕುಡಿದರೆ ಕಲೆ ಬೀಳುತ್ತದೆ. ಮೇಲಿನ ಮುಂದಿನ ಹಲ್ಲುಗಳಿಗೆ ಎರಡು, ಮೂರನೆಯ ವರ್ಷವೇ ನಾಜೂಕಿನ ಕಾಲ. ಇಪ್ಪತ್ತರಲ್ಲಿ ಮದುವೆಯಾಗಿ ಬಂದ ಸೊಸೆ ಅದೇ ನೀರು ಕುಡಿದರೂ ಅವಳ ಹಲ್ಲಿಗೆ ಕಲೆ ಹತ್ತುವುದಿಲ್ಲ. ಮೂಳೆ, ಕೀಲುಗಳಿಗೆ ಮಾತ್ರ ಆ ನೀರು ಯಾವ ವಯಸ್ಸಿನಲ್ಲೂ ಹಾನಿಯೇ. ವಂಶವೋ ನೀರೋ ಅಂತ ತಿಳಿಯಬೇಕೆ? ಬೇರೆ ಊರಿನ ಅಜ್ಜಿಮನೆಯಲ್ಲಿ ಬೆಳೆದ ಮಗುವಿನ ಹಲ್ಲು ನೋಡಿದರಾಯಿತು. ರಕ್ತ ಅಂತ ಕೈಚೆಲ್ಲಿದ ಮನೆಯಲ್ಲಿ ಎರಡು ವರ್ಷದ ಕೂಸು ಅದೇ ನೀರು ಕುಡಿಯುತ್ತಿರುತ್ತದೆ. ಅದಕ್ಕೇ ಈ ತಪ್ಪು ತಿಳಿವಳಿಕೆಯ ಮೇಲೆ ನನಗೆ ಇಷ್ಟು ಸಂಕಟ.

ನಾಲಿಗೆಯದೂ ಒಂದು ಪಾಠವಿದೆ. ಶಾಲೆಯಲ್ಲಿ ಅನುವಂಶೀಯತೆ ಕಲಿಸುವಾಗ ನಾಲಿಗೆಯನ್ನು ಕೊಳವೆಯಂತೆ ಸುರುಳಿ ಮಾಡಿಸಿ, ಇದು ತಂದೆತಾಯಿಯಿಂದ ನೇರ ಬಂದ ಗುಣ ಅಂತ ಬರೆಸುತ್ತಾರೆ. 1940ರಲ್ಲಿ ವಿಜ್ಞಾನಿಯೊಬ್ಬರು ಹಾಗೆ ಹೇಳಿದ್ದು ನಿಜ. 1952ರಲ್ಲೇ ತದ್ರೂಪಿ ಅವಳಿಗಳ 33 ಜೋಡಿಗಳನ್ನು ನೋಡಿದಾಗ 7 ಜೋಡಿಗಳಲ್ಲಿ ಒಬ್ಬರಿಗೆ ಬಂತು, ಇನ್ನೊಬ್ಬರಿಗೆ ಬರಲಿಲ್ಲ. ಒಂದೇ ರಕ್ತ, ಎರಡು ನಾಲಿಗೆ. ಆ ಪಾಠವನ್ನು ಬಿಟ್ಟು ತ ಮತ್ತು ಟ ಹೇಳಿಸಿದರೆ ಮಕ್ಕಳಿಗೆ ಹೆಚ್ಚು ತಿಳಿಯುತ್ತದೆ. 1984ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಗ್ಲಿಷ್ ಮನೆಗಳ ಆರೇಳು ತಿಂಗಳ ಕೂಸುಗಳು ಹಿಂದಿಯ ತ, ಟ ಎರಡನ್ನೂ ಬೇರೆ ಬೇರೆಯಾಗಿ ಕೇಳಿಸಿಕೊಂಡವು. ವರ್ಷ ತುಂಬುವ ಹೊತ್ತಿಗೆ ಅದೇ ಮನೆಗಳ ಮಕ್ಕಳಿಗೆ ಎರಡೂ ಒಂದೇ ಆಗಿದ್ದವು. ಎಲ್ಲ ಕೂಸುಗಳೂ ಎಲ್ಲ ದನಿಗೂ ಕಿವಿ ತೆರೆದುಕೊಂಡು ಹುಟ್ಟುತ್ತವೆ. ಮನೆಯಲ್ಲಿ ಬೇಕಾದದ್ದನ್ನು ಉಳಿಸಿಕೊಂಡು ಉಳಿದದ್ದನ್ನು ಬಿಡುತ್ತವೆ. ದೊಡ್ಡವರಾದ ಮೇಲೆ ನಮ್ಮ ಹಳ್ಳಿಯ ಳ ಹೊರಗಿನವರ ಬಾಯಲ್ಲಿ ತಿರುಗದಿರುವುದು ನಾಲಿಗೆಯ ದೋಷವಲ್ಲ.

ಕಂಬಳಿ ನೇಯುವವರ ಮಕ್ಕಳ ಕೈ ಬಗ್ಗೆಯೂ "ಹುಟ್ಟಿನಿಂದಲೇ ಬಂದೈತೆ" ಅನ್ನುತ್ತಾರೆ, ಹೊಗಳಿಕೆಗೇ ಅನ್ನುತ್ತಾರೆ. ಆದರೆ ಹಾಸುನೂಲಿಗೆ, ಅಂದರೆ ಮಗ್ಗದ ಉದ್ದನೂಲಿಗೆ, ಹುಣಸೆ ಬೀಜದ ಗಂಜಿ ಹಚ್ಚುವುದನ್ನು ನೋಡಿ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿದ ಗಂಜಿ ತೆಳುವಾದರೆ ಒರಟು ಉಣ್ಣೆಯ ನೂಲು ಮಗ್ಗದಲ್ಲಿ ಜುಂಗು ಎದ್ದು ಹರಿಯುತ್ತದೆ, ದಪ್ಪವಾದರೆ ಒಣಗಿ ಮುರಿಯುತ್ತದೆ. ಬೆರಳ ನಡುವೆ ತಿಕ್ಕಿ ಹದ ಹೇಳುವ ಹದಿನೈದರ ಹುಡುಗಿ, ನಡೆಯಲು ಕಲಿತಂದಿನಿಂದ ಆ ಗಂಜಿಯ ಮಡಕೆಯ ಸುತ್ತ ಆಡಿದವಳು. ಅವಳ ಕೌಶಲ ರಕ್ತದ್ದೆಂದರೆ ಅಷ್ಟು ವರ್ಷದ ದುಡಿಮೆಯನ್ನು ಅಳಿಸಿದಂತೆ. ಜೊತೆಗೆ ಬೇರೆ ಮನೆಯ ಮಗುವಿಗೆ ಇದು ನಿನ್ನಿಂದಾಗದು ಅಂದಂತೆ. ಹಕ್ಕಿಗಳಲ್ಲೂ ಹೀಗೇ: ಆಫ್ರಿಕಾದ ಗೀಜಗದ ಜಾತಿಯ ಗಂಡು ಮರಿಗಳಿಗೆ ಎಳೆಯದರಲ್ಲಿ ಹುಲ್ಲಿನ ಎಳೆ ಕೊಡದೆ ಬೆಳೆಸಿದಾಗ, ಬೆಳೆದ ಮೇಲೆ ಅವು ನೇಯಲು ತಡವರಿಸಿದವು. ನೇಯುವ ತವಕ ಹುಟ್ಟಿನದು, ಗಂಟು ಬೀಳುವುದು ಅಭ್ಯಾಸದಿಂದ.

ಕಾವಲಿನ ದಾರಿ

ಕಲಿತದ್ದು ಎಂಥ ನಾಜೂಕಿನದು ಅನ್ನುವುದು ದಾರಿಯಲ್ಲಿ ಗೊತ್ತಾಗುತ್ತದೆ. ಅಮೆರಿಕದಲ್ಲಿ ಬೇರೆಡೆಯಿಂದ ತಂದು ಬಿಟ್ಟ ಕಾಡುಕುರಿಗಳಲ್ಲಿ ಹತ್ತಕ್ಕೊಂದು ಕೂಡ ಋತುವಿಗೆ ತಕ್ಕಂತೆ ವಲಸೆ ಹೋಗಲಿಲ್ಲ, ಅದೇ ಜಾತಿಯ ಹಳೆಯ ಹಿಂಡುಗಳಲ್ಲಿ ಬಹುಪಾಲು ಹೋಗುತ್ತಿದ್ದವು, ಹೊಸ ಹಿಂಡು ದಾರಿ ಕಲಿಯಲು ಹತ್ತಾರು ವರ್ಷ ಬೇಕಾಯಿತು ಅಂತ 2018ರ ಅಧ್ಯಯನ ಹೇಳಿತು. ಚಳ್ಳಕೆರೆಯ ಅಮೃತ್ ಮಹಲ್ ಕಾವಲುಗಳಲ್ಲಿ, ಅಂದರೆ ತಲೆಮಾರುಗಳಿಂದ ದನಕುರಿ ಮೇಯುತ್ತಿದ್ದ ಸರ್ಕಾರಿ ಹುಲ್ಲುಗಾವಲುಗಳಲ್ಲಿ, ಸುಮಾರು 10,000 ಎಕರೆಯನ್ನು 2008ರಿಂದೀಚೆಗೆ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ, ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟು ಬೇಲಿ, ಗೋಡೆ ಎದ್ದವು. ಉಳ್ಳಾರ್ತಿ, ಕುದಾಪುರ, ವರವು ಕಾವಲಿನ ಸುತ್ತಲ ಜನ ಹುಲ್ಲು ಹೋಯಿತು ಅಂದರು, ಅದು ನಿಜ. ಹುಲ್ಲಿನ ಜೊತೆ ಯಾವ ತಿಂಗಳು ಯಾವ ಹಳ್ಳದ ಪಕ್ಕ ನೀರು ನಿಲ್ಲುತ್ತದೆ, ಯಾವ ದಿಬ್ಬದಲ್ಲಿ ಮೊದಲು ಹಸಿರು ಬರುತ್ತದೆ ಅನ್ನುವ ಮಂದೆಯ ನೆನಪೂ ಹೋಯಿತು. ಅದು ಎಲ್ಲೂ ಬರೆದಿಟ್ಟದ್ದಲ್ಲ.

ಉಳಿದ ಕಾವಲು, ಗೋಮಾಳಗಳಲ್ಲಿ ಮೇಯಿಸುವವರಿಗೆ, ಸುಗ್ಗಿಯ ನಂತರ ಭದ್ರಾ ಅಚ್ಚುಕಟ್ಟಿನ ಗದ್ದೆಗಳಿಗೆ ಕುರಿ ತರುಬಲು, ಅಂದರೆ ಗೊಬ್ಬರಕ್ಕಾಗಿ ರಾತ್ರಿ ಹೊಲದಲ್ಲಿ ಕೂಡಲು, ದಾವಣಗೆರೆ ಕಡೆ ಇಳಿಯುವವರಿಗೆ ಒಂದು ಮಾತು. ಬೆಲೆ ಬಂದಾಗ ಮಂದೆ ಖಾಲಿ ಮಾಡುವುದಿದ್ದರೂ, ಹಲ್ಲು ಸವೆದಿದೆ ಅಂತ ಎಲ್ಲ ಹಳೆಯ ಕುರಿಗಳನ್ನೂ ಒಟ್ಟಿಗೆ ಮಾರಬೇಡಿ. ನೂರಕ್ಕೆ ನಾಲ್ಕೈದು ಹಳೆಯ ಹೆಣ್ಣು ಕುರಿಗಳನ್ನು, ಅದರಲ್ಲೂ ಕರೆದರೆ ಮುಂದೆ ಬರುವ, ಹಳ್ಳ ದಾಟಲು ಮೊದಲು ಕಾಲಿಡುವ ಕುರಿಗಳನ್ನು, ಹೊಸದಾಗಿ ಕೊಂಡ ಕುರಿಗಳು ಒಂದು ಪೂರ್ತಿ ವರ್ಷ ಜೊತೆಯಲ್ಲಿ ತಿರುಗುವವರೆಗೆ ಉಳಿಸಿಕೊಳ್ಳಿ. ಅವಕ್ಕೆ ಸಂಜೆ ಒಂದು ಹಿಡಿ ನೆನೆಸಿದ ಜೋಳ ಬೇರೆಯಾಗಿ ಕೊಟ್ಟರೆ ಸಾಕು, ಸವೆದ ಹಲ್ಲಿಗೂ ನಡೆಯುತ್ತದೆ.